ತಾಂತ್ರಿಕ ಕಾರಣಕ್ಕೆ ಬೆಲೆ ಬೇಡವೇ?

ಕೆಟ್ಟ ವಿಮಾನ ಹಾರಲೇಬಾರದು, ಅದರಲ್ಲಿ ತಕರಾರಿಲ್ಲ. 2018ರ ಮಾರ್ಚಿನಲ್ಲಿ ಎಂಜಿನ್ ದೋಷಕ್ಕೆ ಡಿಜಿಸಿಎ 11 ಏರ್‌ಬಸ್‌ಗಳನ್ನು ನಿಲ್ಲಿಸಿದ್ದು ಸರಿಯೇ. ಆದರೆ ಕಾಯೋ ನಷ್ಟ ಯಾರದು ಸ್ವಾಮಿ? ಗುರುಗ್ರಾಮದಲ್ಲಿ ದುಡಿಯೋ ನಾನು ದೆಹಲಿ ನಿಲ್ದಾಣದಲ್ಲಿ 'ತಾಂತ್ರಿಕ ಕಾರಣ' ಕೇಳುತ್ತ ಏಳು ಗಂಟೆ ಕೂತು ಏಳುವಷ್ಟರಲ್ಲಿ, ಊರಲ್ಲಿ ದೊಡ್ಡಮ್ಮನ ಮಣ್ಣು ಮುಗಿದಿತ್ತು.

ನಮ್ಮ ನಿಯಮದಲ್ಲಿ ತಡಕ್ಕೆ ಸಿಗೋದು ತಿಂಡಿ. ಆರು ಗಂಟೆ ಮೀರಿದರೆ ಬೇರೆ ವಿಮಾನ, ಇಲ್ಲವೇ ಟಿಕೆಟ್ ಹಣ. ಪರಿಹಾರದ ಮಾತಿಲ್ಲ. ರಿಪೇರಿ ಅನ್ನೋದು ವಿಮಾನ ಕಂಪನಿಯ ನಿತ್ಯದ ಕಸುಬು, ಸಾಮಾನ್ಯವಾಗಿ ಅದು ನೆಪವಾಗದು ಅಂತ ಯುರೋಪಿನ ನ್ಯಾಯಾಲಯ 2008ರಲ್ಲೇ ಹೇಳಿತು. 2009ರಲ್ಲಿ ಮೂರು ಗಂಟೆ ತಡಕ್ಕೂ ಪರಿಹಾರ ಕೊಡಿಸಿತು.

ದಂಡ ಹಾಕಿದರೆ ಕೆಟ್ಟದ್ದನ್ನೇ ಹಾರಿಸ್ತಾರೆ ಅಂತ ಹೆದರಿಸಬೇಡಿ. ಎಂಜಿನಿಯರ್ ರುಜುವಿಲ್ಲದೆ ರಿಪೇರಿಯಾದ ವಿಮಾನ ಏಳೋಲ್ಲ. ದಂಡದ ಭಯವಿದ್ದರೆ ಬಿಡಿಭಾಗವೂ ಬದಲಿ ವಿಮಾನವೂ ತಯಾರಿರುತ್ತೆ.