ಫೈಟ್ ಮೊಬೈಲ್‌ನಾಗ, ಮ್ಯಾಟ್ ಎಲ್ಲೈತಿ?

ನಾವು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹುಡುಗರು. ರಾತ್ರಿ ಎರಡರ ತನಕ ಎಂಎಂಎ ಫೈಟ್ ನೋಡಿ ಮರುದಿನ ಫಸ್ಟ್ ಅವರ್ ಬಂಕ್ ಮಾಡ್ತೀವಿ. ಅದಿರಲಿ. ನಮ್ಮ ರೂಮಿನ ಹೀರೋ ಅರ್ಜನ್ ಭುಲ್ಲರ್, ಕೆನಡಾದ ಪಂಜಾಬಿ. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ 120 ಕೆಜಿ ಕುಸ್ತಿಯ ಚಿನ್ನ, 2012ರಲ್ಲಿ ಲಂಡನ್ ಒಲಿಂಪಿಕ್ಸ್, 2017ರಲ್ಲಿ ಯುಎಫ್‌ಸಿ. 2021ರಲ್ಲಿ ಬ್ರಾಂಡನ್ ವೆರಾನನ್ನು ಕೆಡವಿ, ಎರಡನೇ ಸುತ್ತಿನಲ್ಲೇ ಒನ್ ಚಾಂಪಿಯನ್‌ಶಿಪ್‌ನ ಹೆವಿವೇಟ್ ಬೆಲ್ಟ್ ಗೆದ್ದ. ಆಮೇಲೆ ಎರಡು ವರ್ಷ ಕಣಕ್ಕೇ ಇಳಿಯಲಿಲ್ಲ. 2023ರಲ್ಲಿ ಇಳಿದಾಗ ರಷ್ಯಾದ ಅನಾತೊಲಿ ಮಾಲಿಖಿನ್ ಎದುರು ಸೋತ.

ಬೆಲ್ಟ್ ಹೋಗಿದ್ದಕ್ಕೆ ನಮಗೇನು ಅಷ್ಟು ಬೇಜಾರಿಲ್ಲ. ಹೊಟ್ಟೆಕಿಚ್ಚು ಬೇರೆ ವಿಷಯಕ್ಕೆ: ಈ ಮನುಷ್ಯ ಸೈಮನ್ ಫ್ರೇಸರ್ ಯೂನಿವರ್ಸಿಟಿಯಲ್ಲಿ ಓದ್ತಾ ಅಲ್ಲಿನ ತಂಡಕ್ಕೇ ಕುಸ್ತಿ ಆಡಿದವನು.

ನಮ್ಮಲ್ಲಿ? ನಮ್ಮ ದೋಸ್ತ ಒಬ್ಬ ಹತ್ತನೇತ್ತೆ ತನಕ ಊರ ತಾಲೀಮಿನಲ್ಲಿ ಕೆಮ್ಮಣ್ಣು ಮೆತ್ತಿಕೊಂಡವನು, ಜಾತ್ರಿ ಕುಸ್ತಿ ಗೆದ್ದವನು. ಸಿಇಟಿ ಕೋಚಿಂಗ್ ಶುರುವಾಯ್ತು, ಲಂಗೋಟಿ ಟ್ರಂಕ್ ಸೇರಿತು. ಈಗ 104 ಕೆಜಿ; ಅವನನ್ನು ಹೆವಿವೇಟ್ ಅನ್ನೋರು ಮೆಸ್ಸಿನವರು ಮಾತ್ರ. ಕ್ಯಾಂಪಸ್‌ನಲ್ಲಿ ಜಿಮ್ ಇದೆ, ಕ್ರಿಕೆಟ್ ನೆಟ್ ಇದೆ, ಕುಸ್ತಿಗೆ ಒಂದು ಮ್ಯಾಟ್ ಇಲ್ಲ. ಕೇಳಿದ್ರೆ "ಎಂಜಿನಿಯರಿಂಗ್ ಓದೋರಿಗೆ ಅದ್ಯಾಕಪ್ಪಾ" ಅಂತಾರೆ.

ಎಲ್ಲರೂ ಎಂಎಂಎ ಪಂಜರಕ್ಕೆ ಇಳೀರಿ ಅಂತ ನಾವು ಹೇಳ್ತಿಲ್ಲ. ತಲೆಗೆ ಬೀಳೋ ಆ ಏಟು ಸಣ್ಣದಲ್ಲ, ಮನೇಲಿ ಅವ್ವ ಬಿಡೋದೂ ಇಲ್ಲ. ನಾವು ಕೇಳ್ತಿರೋದು ಒಂದು ಮ್ಯಾಟ್, ವಾರಕ್ಕೆ ಮೂರು ಸಂಜೆ ಒಬ್ಬ ಕೋಚ್, ಅಷ್ಟೇ. ಅರ್ಜಿ ಬರೆದಿಟ್ಟಿದ್ದೀವಿ. ಸಹಿ ಹಾಕೋರು ಊಟದ ಹೊತ್ತಿಗೆ ಮೆಸ್ ಹತ್ರ ಸಿಗ್ರಿ. ಮೊದಲ ಸಹಿ ಆ ದೋಸ್ತಂದೇ.