ತೂಕ ಇಳಿಸುವ ಆಪರೇಷನ್ ಆದ ಮೇಲೆ ಕೀಲು ನೋವೇ? ಮಾತ್ರೆ ನುಂಗುವ ಮೊದಲು ಇದನ್ನು ಓದಿ

"ಹೊಟ್ಟೆಯ ಆಪರೇಷನ್ ಮಾಡಿಸಿ ಸಣ್ಣ ಆದವರ ಮೂಳೆ ಟೊಳ್ಳಾಗುತ್ತದೆ, ಕೀಲು ನೋವು ಜೀವನಪೂರ್ತಿ ಬಿಡುವುದಿಲ್ಲ" ಎನ್ನುವವರಿದ್ದಾರೆ. "ಆಪರೇಷನ್ ಆದರೆ ಸಾಕು, ಮಂಡಿ ನೋವು ತಾನಾಗಿಯೇ ಮಾಯ" ಎನ್ನುವವರೂ ಇದ್ದಾರೆ. ಎರಡರಲ್ಲೂ ಇರುವುದು ಅರ್ಧ ಸತ್ಯ. ಎರಡೂ ಹೇಳದ ಮುಖ್ಯ ಸಂಗತಿಯೊಂದಿದೆ: ಈ ಆಪರೇಷನ್ ಆದವರು ಮೆಡಿಕಲ್ ಶಾಪ್‌ನಿಂದ ತಂದು ನುಂಗುವ ಸಾಮಾನ್ಯ ನೋವಿನ ಮಾತ್ರೆಯೇ ಕೀಲು ನೋವಿಗಿಂತ ದೊಡ್ಡ ಅಪಾಯ ತರಬಹುದು.

ಆಪರೇಷನ್‌ನಲ್ಲಿ ಏನು ಬದಲಾಗುತ್ತದೆ?

ತೂಕ ಇಳಿಸಲು ಮಾಡುವ ಶಸ್ತ್ರಚಿಕಿತ್ಸೆಗೆ ಬೇರಿಯಾಟ್ರಿಕ್ ಸರ್ಜರಿ ಎನ್ನುತ್ತಾರೆ. ಹೆಚ್ಚಾಗಿ ಮಾಡುವುದು ಎರಡು ಬಗೆ. ಮೊದಲನೆಯದು 'ಸ್ಲೀವ್'. ಇದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದು, ಉಳಿದದ್ದನ್ನು ಬಾಳೆಕಾಯಿಯ ಆಕಾರದ ಸಣ್ಣ ಕೊಳವೆಯಂತೆ ಬಿಡುತ್ತಾರೆ. ಎರಡನೆಯದು 'ಗ್ಯಾಸ್ಟ್ರಿಕ್ ಬೈಪಾಸ್'. ಇದರಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ, ಅದಕ್ಕೆ ನೇರವಾಗಿ ಸಣ್ಣಕರುಳನ್ನು ಜೋಡಿಸುತ್ತಾರೆ. ಆಹಾರವು ಸಣ್ಣಕರುಳಿನ ಮೊದಲ ಭಾಗವನ್ನು ಮುಟ್ಟದೆ ಮುಂದೆ ಹೋಗುತ್ತದೆ.

ಕಬ್ಬಿಣ ಮತ್ತು ಕ್ಯಾಲ್ಸಿಯಂ ಹೆಚ್ಚಾಗಿ ರಕ್ತಕ್ಕೆ ಸೇರುವುದು ಅದೇ ಮೊದಲ ಭಾಗದಲ್ಲಿ. ವಿಟಮಿನ್ ಬಿ12 ದೇಹ ಸೇರಬೇಕಾದರೂ ಜಠರದ ಆಮ್ಲ ಮತ್ತು ಜಠರ ಸ್ರವಿಸುವ ಒಂದು ಪ್ರೋಟೀನ್ ಬೇಕು. ಹಾಗಾಗಿ ತೂಕದ ಜೊತೆಗೆ ಪೋಷಕಾಂಶಗಳೂ ಇಳಿಯುತ್ತವೆ.

ನೋವು ಕಡಿಮೆಯಾಗುತ್ತದೆ ಎನ್ನುವುದು ನಿಜವೇ?

ಬಹಳ ಜನರಲ್ಲಿ ನಿಜ. ಮಂಡಿ ಸವೆದವರು ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ ಎಂದು 2005ರ ಒಂದು ಅಧ್ಯಯನ ತೋರಿಸಿದೆ. ಇಪ್ಪತ್ತೈದು ಕಿಲೋ ಇಳಿದವರಿಗೆ ಎಷ್ಟು ಹಗುರವಾಗುತ್ತದೆಂದು ನೀವೇ ಲೆಕ್ಕ ಹಾಕಿ. ಈ ಆಪರೇಷನ್ ಆದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಅಮೆರಿಕದಲ್ಲಿ ಮೂರು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೈನೋವು, ಓಡಾಟ ಮತ್ತು ನಡಿಗೆಯ ವೇಗದಲ್ಲಿ ಶೇ. 50ರಿಂದ 70ರಷ್ಟು ಜನ ಸುಧಾರಣೆ ಕಂಡಿದ್ದರು.

ಎಲ್ಲರೂ ಅಲ್ಲ ಎನ್ನುವುದನ್ನೂ ಗಮನಿಸಿ. ಮಂಡಿಯ ಮೃದು ಮೂಳೆ ಈಗಾಗಲೇ ಸವೆದಿದ್ದರೆ ತೂಕ ಇಳಿದ ಮಾತ್ರಕ್ಕೆ ಅದು ಮತ್ತೆ ಬೆಳೆಯುವುದಿಲ್ಲ.

ಹಾಗಾದರೆ ಹೊಸ ನೋವು ಎಲ್ಲಿಂದ ಬರುತ್ತದೆ?

ನೋವು ಯಾವಾಗ ಶುರುವಾಯಿತು ಎನ್ನುವುದರಲ್ಲೇ ಅರ್ಧ ಸುಳಿವು ಇರುತ್ತದೆ.

*ಮೊದಲ ವಾರಗಳಲ್ಲಿ:* ರಾತ್ರೋರಾತ್ರಿ ಕಾಲಿನ ಹೆಬ್ಬೆರಳು, ಪಾದ ಅಥವಾ ಮಂಡಿ ಕೆಂಪಾಗಿ ಊದಿ, ಹೊದಿಕೆ ತಾಗಿದರೂ ತಡೆಯಲಾರದಷ್ಟು ನೋವಾದರೆ ಅದು ಗೌಟ್ ಇರಬಹುದು. ತೂಕ ವೇಗವಾಗಿ ಇಳಿಯುವಾಗ, ಊಟ ಮತ್ತು ನೀರು ಎರಡೂ ಕಡಿಮೆಯಾದಾಗ, ರಕ್ತದಲ್ಲಿ ಯೂರಿಕ್ ಆಮ್ಲ ಏರುತ್ತದೆ. ಮೊದಲೇ ಗೌಟ್ ಇದ್ದವರಿಗೆ ಈ ಅಪಾಯ ಹೆಚ್ಚು. ತೂಕ ಸ್ಥಿರವಾದ ಮೇಲೆ ಸಾಮಾನ್ಯವಾಗಿ ಯೂರಿಕ್ ಆಮ್ಲವೂ ಇಳಿಯುತ್ತದೆ.

*ಮೊದಲ ತಿಂಗಳುಗಳಲ್ಲಿ:* ಇಳಿದ ತೂಕವೆಲ್ಲ ಕೊಬ್ಬಲ್ಲ, ಅದರಲ್ಲಿ ಸ್ನಾಯುವೂ ಇರುತ್ತದೆ. ತೊಡೆಯ ಸ್ನಾಯು ಸೊರಗಿದರೆ ಮಂಡಿಗೆ ಆಸರೆ ತಪ್ಪುತ್ತದೆ. ಮೆಟ್ಟಿಲು ಇಳಿಯುವಾಗ, ನೆಲದಿಂದ ಏಳುವಾಗ ಕಷ್ಟವಾಗುತ್ತದೆ. ಪ್ರೋಟೀನ್ ಕೊರತೆ ಮತ್ತು ವ್ಯಾಯಾಮ ಇಲ್ಲದಿರುವುದು ಇದಕ್ಕೆ ಮುಖ್ಯ ಕಾರಣ.

*ತಿಂಗಳುಗಳು, ವರ್ಷಗಳು ಕಳೆದ ಮೇಲೆ:* ಸೊಂಟ, ಪಕ್ಕೆಲುಬು, ತೊಡೆ, ಮೊಣಕಾಲಿನ ಕೆಳಗಿನ ಮೂಳೆ ಹೀಗೆ ಅಲ್ಲಲ್ಲಿ ಮಂದವಾದ ನೋವು. ಹಲವರು ಇದನ್ನು 'ವಾಯು' ಎಂದುಕೊಂಡು ಸುಮ್ಮನಾಗುತ್ತಾರೆ. ನಿಜವಾಗಿ ನೋಯುತ್ತಿರುವುದು ಕೀಲಲ್ಲ, ಮೂಳೆ. ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಸಾಲದೇ ಹೋದಾಗ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ತುಂಬುತ್ತವೆ. ಇದರಿಂದ ರಕ್ತದ ಕ್ಯಾಲ್ಸಿಯಂ ರಿಪೋರ್ಟ್ 'ನಾರ್ಮಲ್' ಎಂದೇ ಬರಬಹುದು, ಮೂಳೆ ಮಾತ್ರ ಒಳಗೊಳಗೇ ಬಡವಾಗುತ್ತಿರುತ್ತದೆ. ಆದ್ದರಿಂದ ಕ್ಯಾಲ್ಸಿಯಂ ಒಂದನ್ನೇ ನೋಡಿದರೆ ಸಾಲದು. ವಿಟಮಿನ್ ಡಿ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನ್ ಪರೀಕ್ಷೆಯೂ ಬೇಕು.

ಬೆಳಗ್ಗೆ ಎದ್ದಾಗ ಬೆರಳುಗಳು ಅರ್ಧ ಗಂಟೆಗೂ ಹೆಚ್ಚು ಬಿಗಿಯಾಗಿದ್ದು, ಹಲವು ಕೀಲುಗಳು ಒಟ್ಟಿಗೇ ಊದಿಕೊಂಡರೆ, ಅದು ಆಪರೇಷನ್‌ಗೆ ಸಂಬಂಧವೇ ಇಲ್ಲದ ಸಂಧಿವಾತ ಇರಬಹುದು. ಎಲ್ಲವನ್ನೂ ಆಪರೇಷನ್ ತಲೆಗೆ ಕಟ್ಟಿ ಸುಮ್ಮನಾಗಬೇಡಿ.

ಅಂಗಡಿಯ ನೋವಿನ ಮಾತ್ರೆ ಏಕೆ ಅಪಾಯ?

ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನ್ಯಾಪ್ರೋಕ್ಸೆನ್ ಎಲ್ಲ ಒಂದೇ ಗುಂಪಿನ ಔಷಧಗಳು. ಇವು ಉರಿಯೂತದ ಜೊತೆಗೆ ಜಠರದ ಒಳಪದರವನ್ನು ಆಮ್ಲದಿಂದ ಕಾಯುವ ವಸ್ತುವನ್ನೂ ತಗ್ಗಿಸುತ್ತವೆ. ಬೈಪಾಸ್ ಆದವರಲ್ಲಿ ಪುಟ್ಟ ಚೀಲ ಮತ್ತು ಕರುಳು ಸೇರುವ ಹೊಲಿಗೆಯ ಜಾಗ ಮೊದಲೇ ಸೂಕ್ಷ್ಮ. ಅಲ್ಲಿ ಹುಣ್ಣಾಗಬಹುದು, ರಕ್ತ ಸೋರಬಹುದು, ತೂತೂ ಬೀಳಬಹುದು. ಬೀಡಿ, ಸಿಗರೇಟ್ ಸೇದುವವರಿಗೆ ಅಪಾಯ ಇನ್ನೂ ಹೆಚ್ಚು. ಸ್ಲೀವ್ ಆದವರಲ್ಲಿ ಅಪಾಯ ಬೈಪಾಸ್‌ನಷ್ಟಿಲ್ಲದಿದ್ದರೂ ವೈದ್ಯರನ್ನು ಕೇಳದೆ ನುಂಗಬಾರದು.

ಇಲ್ಲಿ ಮೂರು ತಪ್ಪು ತಿಳಿವಳಿಕೆಗಳಿವೆ.

"ಜೊತೆಗೆ ಗ್ಯಾಸ್ ಮಾತ್ರೆ ನುಂಗಿದರೆ ಏನೂ ಆಗಲ್ಲ." ತಪ್ಪು. ಅಪಾಯ ಕಡಿಮೆಯಾಗಬಹುದು, ಇಲ್ಲವಾಗುವುದಿಲ್ಲ.

"ಇಂಜೆಕ್ಷನ್ ಹೊಟ್ಟೆಗೆ ಹೋಗಲ್ಲವಲ್ಲ." ತಪ್ಪು. ಈ ಔಷಧ ರಕ್ತದ ಮೂಲಕವೇ ಜಠರದ ರಕ್ಷಣೆಯನ್ನು ತಗ್ಗಿಸುತ್ತದೆ.

"ಇದರಲ್ಲಿ ಪ್ಯಾರಸಿಟಮಾಲ್ ಇದೆ, ಸೇಫ್." ಪಟ್ಟಿಯ ಹಿಂಭಾಗ ಓದಿ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಸಿಟಮಾಲ್ ಜೊತೆ ಐಬುಪ್ರೊಫೆನ್ ಇದೆ. ಜೀರೋಡಾಲ್-ಪಿಯಲ್ಲಿ ಅಸಿಕ್ಲೋಫೆನಾಕ್ ಇದೆ. ಡೋಲೋ 650ಯಲ್ಲಿ ಇರುವುದು ಪ್ಯಾರಸಿಟಮಾಲ್ ಮಾತ್ರ. ಈ ಆಪರೇಷನ್ ಆದವರಿಗೆ ವೈದ್ಯರು ಮೊದಲು ಹೇಳುವುದು ಬರೀ ಪ್ಯಾರಸಿಟಮಾಲ್ ಅನ್ನು. ಅದಕ್ಕೂ ಮಿತಿ ಇದೆ, ಮಿತಿ ಮೀರಿದರೆ ಲಿವರ್‌ಗೆ ಪೆಟ್ಟು.

ಒಂದು ಎಚ್ಚರಿಕೆ: ಹೃದಯಕ್ಕೆಂದು ವೈದ್ಯರು ಆಸ್ಪಿರಿನ್ ಬರೆದಿದ್ದರೆ ಇದನ್ನು ಓದಿ ನೀವಾಗಿಯೇ ನಿಲ್ಲಿಸಬೇಡಿ. ಆಪರೇಷನ್ ಆಗಿದೆ ಎಂದು ಅವರಿಗೆ ತಿಳಿಸಿ, ಅವರೇ ನಿರ್ಧರಿಸಲಿ. ಹಾಗೆಯೇ ಹೆಸರಿಲ್ಲದ 'ಮಂಡಿ ನೋವಿನ ಪುಡಿ'ಗಳಿಂದ ದೂರವಿರಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಪತ್ತೆಯಾಗಿದೆ. ಸ್ಟೀರಾಯ್ಡ್ ಮೂಳೆಯನ್ನೂ ಸವೆಸುತ್ತದೆ.

ರಾಗಿ, ಬಿಸಿಲು ಸಾಕಲ್ಲವೇ?

ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ ಎನ್ನುವುದು ನಿಜ: ನೂರು ಗ್ರಾಂ ಹಿಟ್ಟಿನಲ್ಲಿ 350 ಮಿಲಿಗ್ರಾಂ ಆಸುಪಾಸು. ಆದರೆ ಸ್ಲೀವ್ ಅಥವಾ ಬೈಪಾಸ್ ಆದವರಿಗೆ ದಿನಕ್ಕೆ ಬೇಕಾದದ್ದು 1200ರಿಂದ 1500 ಮಿಲಿಗ್ರಾಂ. ಅರ್ಧ ಮುದ್ದೆಗೇ ಹೊಟ್ಟೆ ತುಂಬುವವರಿಗೆ ಅಷ್ಟು ಸಿಗುವುದು ಹೇಗೆ? ರಾಗಿಯಲ್ಲಿರುವ ಫೈಟೇಟ್ ಕೂಡ ಕ್ಯಾಲ್ಸಿಯಂ ಹೀರಿಕೆಗೆ ಅಡ್ಡ ಬರುತ್ತದೆ. ರಾಗಿ ತಿನ್ನಿ, ಬಿಸಿಲಿಗೂ ಹೋಗಿ, ಆದರೆ ಅದನ್ನೇ ನೆಚ್ಚಿಕೊಂಡು ವೈದ್ಯರು ಬರೆದ ಮಾತ್ರೆ ಬಿಡಬೇಡಿ.

ಏನು ಮಾಡಬೇಕು?

- ಸಪ್ಲಿಮೆಂಟ್ ಮಾತ್ರೆಗಳು ಜೀವನಪೂರ್ತಿ. "ಈಗ ಆರಾಮಾಗಿದ್ದೇನೆ" ಎಂದು ನಿಲ್ಲಿಸುವುದೇ ಎಷ್ಟೋ ತೊಂದರೆಗಳ ಮೂಲ.
- ಕ್ಯಾಲ್ಸಿಯಂ ಅನ್ನು ಒಂದೇ ಸಲ ನುಂಗದೆ ಎರಡು ಮೂರು ಸಲ ಹಂಚಿಕೊಳ್ಳಿ. ಆಮ್ಲ ಕಡಿಮೆ ಇರುವ ಹೊಟ್ಟೆಗೆ ಕ್ಯಾಲ್ಸಿಯಂ ಸಿಟ್ರೇಟ್ ಹೆಚ್ಚು ಒಗ್ಗುತ್ತದೆ.
- ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಬಿಡುವಿರಲಿ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ.
- ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಗುರಿ ಇರಲಿ. ತಟ್ಟೆಯಲ್ಲಿ ಮೊದಲು ಮೊಟ್ಟೆ, ಮೀನು, ಪನೀರ್, ಬೇಳೆ, ಕಾಳು, ಆಮೇಲೆ ಅನ್ನ.
- ವೈದ್ಯರು ಒಪ್ಪಿದ ಮೇಲೆ ನಡಿಗೆಯ ಜೊತೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಮಾಡಿ. ಫಿಸಿಯೋಥೆರಪಿಸ್ಟ್ ಕಲಿಸಿಕೊಡುತ್ತಾರೆ.
- ಮೊದಲ ವರ್ಷ ವೈದ್ಯರು ಹೇಳಿದಾಗಲೆಲ್ಲ, ಆಮೇಲೆ ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಿ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಹೊಟ್ಟೆಯಲ್ಲಿ ತಡೆಯಲಾರದ ನೋವು ಬಂದರೆ ತಡಮಾಡಬೇಡಿ. ವೇಗವಾಗಿ ತೂಕ ಇಳಿದವರಲ್ಲಿ ಪಿತ್ತಕೋಶದ ಕಲ್ಲು ಸಾಮಾನ್ಯ. ಬಲ ಪಕ್ಕೆಯ ಕೆಳಗಿನ ನೋವಿನ ಜೊತೆ ಜ್ವರ ಬಂದರೆ, ಕಣ್ಣು ಹಳದಿಯಾದರೆ ಅದೂ ತುರ್ತೇ. ಒಂದೇ ಕೀಲು ಊದಿ ಬಿಸಿಯಾಗಿ ಜ್ವರ ಬಂದರೂ ಹಾಗೆಯೇ, ಅದು ಸೋಂಕಿರಬಹುದು.

ದಿನಗಟ್ಟಲೆ ವಾಂತಿ ನಿಲ್ಲದಿದ್ದರೆ ವಿಶೇಷ ಎಚ್ಚರ ಬೇಕು. ವಿಟಮಿನ್ ಬಿ1 ನಮ್ಮ ದೇಹದಲ್ಲಿ ಎರಡು ಮೂರು ವಾರಕ್ಕಾಗುವಷ್ಟೇ ಇರುತ್ತದೆ. ಅದು ಖಾಲಿಯಾದರೆ ನಡಿಗೆ ತೂರಾಡುತ್ತದೆ, ನೋಟ ಎರಡೆರಡಾಗುತ್ತದೆ, ಮಾತು ಮರೆವು ಗೊಂದಲವಾಗುತ್ತದೆ. ಇಂಥವರಿಗೆ ಬಿ1 ಕೊಡದೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಮಿದುಳಿಗೆ ಹಾನಿ ಹೆಚ್ಚಬಹುದು. ಆದ್ದರಿಂದ ಊರಿನ ಯಾವ ಕ್ಲಿನಿಕ್‌ಗೆ ಹೋದರೂ ಮೊದಲ ಮಾತು "ನನಗೆ ತೂಕ ಇಳಿಸುವ ಆಪರೇಷನ್ ಆಗಿದೆ" ಎಂಬುದಾಗಿರಲಿ. ಪಾದ ಜುಮ್ಮೆನ್ನುವುದು, ಮರಗಟ್ಟುವುದು ಬಿ12 ಕೊರತೆಯ ಸುಳಿವಿರಬಹುದು; ತಡವಾದರೆ ನರಕ್ಕಾದ ಹಾನಿ ಪೂರ್ತಿ ಸರಿಹೋಗದಿರಬಹುದು.

ಕೊನೆಯದಾಗಿ

ಈ ಆಪರೇಷನ್ ಮಂಡಿಗೆ ಶತ್ರುವೂ ಅಲ್ಲ, ಮಂತ್ರದಂಡವೂ ಅಲ್ಲ. ನೋವು ಬಂದರೆ ಅದಕ್ಕೆ ಕಾರಣವಿದೆ. ಪರೀಕ್ಷೆ ಮಾಡಿದರೆ ಸಿಗುತ್ತದೆ, ಹೆಚ್ಚಿನವಕ್ಕೆ ಚಿಕಿತ್ಸೆಯೂ ಇದೆ. ನಿಮ್ಮ ಬಂಧುಬಳಗದಲ್ಲಿ ಯಾರಿಗಾದರೂ ಈ ಆಪರೇಷನ್ ಆಗಿದ್ದರೆ ಇದನ್ನು ಅವರಿಗೂ, ಅವರ ಮನೆಗೆ ಮಾತ್ರೆ ತಂದುಕೊಡುವವರಿಗೂ ಕಳುಹಿಸಿ. ಆದರೆ ಈ ಬರಹ ವೈದ್ಯರ ಚೀಟಿಯಲ್ಲ. ಯಾವ ಮಾತ್ರೆ, ಎಷ್ಟು ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದವರೇ ಹೇಳಲಿ.