ಯಂತ್ರ ಕೇಳದ ಪ್ರಶ್ನೆ

ರಣರಂಗದಿಂದ ಮರಳಿದ ಸೈನಿಕನ ಮನಸ್ಸಿನ ಗಾಯವನ್ನು ಕಂಪ್ಯೂಟರ್ ಪತ್ತೆ ಹಚ್ಚಬಲ್ಲದು ಎಂಬುದು ಅಮೆರಿಕ ಹೆಮ್ಮೆಯಿಂದ ಹೇಳಿಕೊಳ್ಳುತ್ತ ಬಂದಿರುವ ಸಾಧನೆಗಳಲ್ಲೊಂದು. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ 'ಡಾರ್ಪಾ'ದ ಹಣದಿಂದ 'ಎಲ್ಲೀ' ಎಂಬ ಕೃತಕ ಸ್ತ್ರೀಯನ್ನು ರೂಪಿಸಿದರು. ಪರದೆಯ ಮೇಲಿನ ಈಕೆ ಸೈನಿಕನನ್ನು ಮಾತನಾಡಿಸುತ್ತಾಳೆ. ಕ್ಯಾಮೆರಾ ಆತನ ಮುಖಭಾವವನ್ನೂ ಮೈಕು ಆತನ ಧ್ವನಿಯ ಏರಿಳಿತವನ್ನೂ ಅಳೆಯುತ್ತವೆ. 2019ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡವೊಂದು ಇರಾಕ್ ಮತ್ತು ಅಫ್ಘಾನಿಸ್ತಾನದಿಂದ ಮರಳಿದ ಸೈನಿಕರ ಧ್ವನಿಮುದ್ರಿಕೆಗಳನ್ನು ಕಂಪ್ಯೂಟರಿನಿಂದ ವಿಶ್ಲೇಷಿಸಿ, ಆಘಾತೋತ್ತರ ಮಾನಸಿಕ ಒತ್ತಡಕ್ಕೆ, ಅಂದರೆ ಪಿಟಿಎಸ್‌ಡಿಗೆ ಒಳಗಾದವರನ್ನು ಶೇ. 89ರಷ್ಟು ನಿಖರವಾಗಿ ಗುರುತಿಸಬಹುದೆಂದು ಪ್ರಕಟಿಸಿತು.

ಇದನ್ನು ಕೇಳಿ, 'ಅವರಿಗೆ ಆಗಬೇಕಾದದ್ದೇ ಆಯಿತು, ಅವರ ನಿದ್ದೆ ಕೆಟ್ಟರೆ ನಮಗೇನು' ಎನ್ನುವವರು ನಮ್ಮ ನಡುವೆಯೂ ಇದ್ದಾರೆ. ಇದು ವಿಶ್ವಾಸಿಗೆ ತಕ್ಕ ಮಾತಲ್ಲ. ರೋಗಿ ಯಾರೇ ಆಗಿರಲಿ, ಆತನ ಚಿಕಿತ್ಸೆ ಪುಣ್ಯಕಾರ್ಯ. ಈ ವ್ಯಾಧಿಗೆ 1980ರಲ್ಲಿ ವೈದ್ಯಶಾಸ್ತ್ರದ ಅಧಿಕೃತ ಮನ್ನಣೆ ದೊರೆತುದರ ಹಿಂದೆ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ದೀರ್ಘ ಹೋರಾಟವಿತ್ತು. ಬ್ರೌನ್ ವಿಶ್ವವಿದ್ಯಾಲಯದ ಅಧ್ಯಯನ ಯೋಜನೆಯೊಂದು 2021ರಲ್ಲಿ ನೀಡಿದ ಅಂದಾಜಿನಂತೆ, 2001ರ ನಂತರದ ಯುದ್ಧಗಳಲ್ಲಿ ಮಡಿದ ಅಮೆರಿಕನ್ ಸೈನಿಕರು 7,057 ಮಂದಿ. ಆದರೆ ಆ ಕಾಲದಲ್ಲಿ ಸೇವೆ ಸಲ್ಲಿಸಿದವರ ಪೈಕಿ ಆತ್ಮಹತ್ಯೆ ಮಾಡಿಕೊಂಡವರು 30,177. ಶತ್ರುವಿನ ಗುಂಡಿಗಿಂತ ನಾಲ್ಕು ಪಟ್ಟು ಹೆಚ್ಚು ಪ್ರಾಣಗಳನ್ನು ಹತಾಶೆ ಬಲಿ ಪಡೆಯಿತು. ಇದರಲ್ಲಿ ಸಂತೋಷಪಡುವಂಥದ್ದೇನೂ ಇಲ್ಲ.

ನಮ್ಮ ಆಕ್ಷೇಪ ಯಂತ್ರದ ಮೇಲಲ್ಲ. ಯಂತ್ರದ ಮರೆಯಲ್ಲಿ ನಿಂತಿರುವ ಪ್ರಭುತ್ವದ ಮೇಲೆ. ಸೈನಿಕನ ದುಃಖವನ್ನು ಕೇಳಲು ಯಂತ್ರವೇ ಏಕೆ ಬೇಕಾಯಿತು? ಉತ್ತರ ಅವರದೇ ಅಧ್ಯಯನಗಳಲ್ಲಿದೆ. ಯುದ್ಧಭೂಮಿಯಿಂದ ಮರಳುವ ಪ್ರತಿಯೊಬ್ಬ ಸೈನಿಕನೂ ಆರೋಗ್ಯ ತಪಾಸಣೆಯ ಪ್ರಶ್ನಾವಳಿಯನ್ನು ತುಂಬಬೇಕು. ಇರಾಕ್‌ನಿಂದ ಮರಳಿದ ಪದಾತಿ ದಳವೊಂದರ ಸೈನಿಕರಿಗೆ ಅದೇ ಬಗೆಯ ಪ್ರಶ್ನೆಗಳನ್ನು ಹೆಸರು ಬರೆಯದೆ ಉತ್ತರಿಸುವ ಅವಕಾಶ ಕೊಟ್ಟಾಗ, ಮನೋವ್ಯಾಧಿಯ ಪ್ರಮಾಣ ಎರಡರಿಂದ ನಾಲ್ಕು ಪಟ್ಟು ಹೆಚ್ಚಾಗಿ ಕಂಡುಬಂತೆಂದು 2011ರಲ್ಲಿ ಪ್ರಕಟವಾಯಿತು. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಅಫ್ಘಾನಿಸ್ತಾನದಿಂದ ಮರಳಿದ ಕೊಲೊರಾಡೊದ ಸೈನಿಕರು ಅಧಿಕೃತ ಅರ್ಜಿಯಲ್ಲಿ ಹೇಳದೆ ಉಳಿಸಿಕೊಂಡದ್ದನ್ನು ಪರದೆಯ ಮೇಲಿನ ಸ್ತ್ರೀಗೆ ಹೇಳಿದರು.

ಇದರ ಅರ್ಥವೇನು? ಸೈನಿಕ ವೈದ್ಯನಿಗೆ ಹೆದರುವುದಿಲ್ಲ, ಕಡತಕ್ಕೆ ಹೆದರುತ್ತಾನೆ. ಬಡ್ತಿ ತಪ್ಪೀತು, ಹುದ್ದೆ ಹೋದೀತು, ಸಂಗಡಿಗರು ಹೇಡಿ ಎಂದಾರು ಎಂಬ ಅಳುಕು ಆತನ ಬಾಯಿ ಕಟ್ಟುತ್ತದೆ. ಈ ಅಳುಕು ಆಧಾರರಹಿತವೂ ಅಲ್ಲ. ವಾಷಿಂಗ್ಟನ್ ರಾಜ್ಯದ ಮ್ಯಾಡಿಗನ್ ಸೇನಾ ಆಸ್ಪತ್ರೆಯಲ್ಲಿ, ಪಿಟಿಎಸ್‌ಡಿ ಇದೆಯೆಂದು ಮೊದಲೇ ವೈದ್ಯರಿಂದ ದೃಢಪಟ್ಟಿದ್ದವರಲ್ಲಿ ಶೇ. 40ಕ್ಕಿಂತ ಹೆಚ್ಚು ಮಂದಿಯ ರೋಗನಿರ್ಣಯವನ್ನು ಮರುಪರಿಶೀಲನೆಯ ಹೆಸರಿನಲ್ಲಿ ಬದಲಿಸಲಾಗಿತ್ತು ಅಥವಾ ರದ್ದುಪಡಿಸಲಾಗಿತ್ತು ಎಂಬುದನ್ನು 2012ರಲ್ಲಿ ಸೆನೆಟರ್ ಪ್ಯಾಟಿ ಮರ‍್ರೆ ಬಹಿರಂಗಪಡಿಸಿದರು. ಒಬ್ಬ ಸೈನಿಕನಿಗೆ ಈ ವ್ಯಾಧಿಯೆಂದು ಬರೆದುಕೊಟ್ಟರೆ ಆತನ ಜೀವಿತಾವಧಿಯಲ್ಲಿ ಬೊಕ್ಕಸಕ್ಕೆ 15 ಲಕ್ಷ ಡಾಲರ್ ಹೊರೆ ಬೀಳಬಹುದೆಂದು ಅಲ್ಲಿನ ವೈದ್ಯರೊಬ್ಬರು ಸಹೋದ್ಯೋಗಿಗಳಿಗೆ ಹೇಳಿದ್ದರೆಂದೂ ಆಗ ವರದಿಯಾಗಿತ್ತು. ಗುಂಡು ಹಾರಿಸುವಾಗ ಲೆಕ್ಕ ಕೇಳದ ಬೊಕ್ಕಸ ಗಾಯಕ್ಕೆ ಮದ್ದು ಹಚ್ಚುವಾಗ ಲೆಕ್ಕ ಕೇಳುತ್ತದೆ!

ಇಂಥ ವ್ಯವಸ್ಥೆ ಮಾಡಬೇಕಾದ ಮೊದಲ ಕೆಲಸ ಸೈನಿಕನ ಭಯವನ್ನು ನಿವಾರಿಸುವುದು. ಅದನ್ನು ಬಿಟ್ಟು, ಭಯದ ಬೇಲಿಯನ್ನು ಬಳಸಿಕೊಂಡು ಒಳಗೆ ನುಸುಳುವ ಉಪಾಯವನ್ನು ಹುಡುಕುವುದು ಚಿಕಿತ್ಸೆಯಲ್ಲ. ಇಸ್ಲಾಮಿನಲ್ಲಿ ನಂಬಿ ಹೇಳಿದ ಮಾತು ಅಮಾನತ್. ಪವಿತ್ರ ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯ ಪರರ ಗುಟ್ಟನ್ನು ಕೆದಕುವುದನ್ನು ನಿಷೇಧಿಸಿದೆ. ಪರದೆಯ ಮುಂದೆ ಕುಳಿತು ಅತ್ತವನ ಕಣ್ಣೀರು ಯಾರ ಭಂಡಾರ ಸೇರುತ್ತದೆ? ಆತನ ನಡುಗುವ ಧ್ವನಿಯನ್ನು ನಾಳೆ ಪರಿಹಾರಧನ ಮಂಜೂರು ಮಾಡುವ ಅಧಿಕಾರಿ ಕೇಳಬಹುದೇ? ಇದಕ್ಕೆ ಕಾನೂನಿನ ಭದ್ರ ಬೀಗ ಬೀಳದ ತನಕ, ಯಂತ್ರ ಎಷ್ಟೇ ನಿಖರವಾಗಿದ್ದರೂ ಅದು ನಂಬಿಕಸ್ಥನಾಗಲಾರದು.

ಇದಕ್ಕಿಂತಲೂ ಗಂಭೀರವಾದ ಸಂಗತಿ ಇನ್ನೊಂದಿದೆ. ಈ ತಪಾಸಣೆಯಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಪ್ರಶ್ನಾವಳಿಯಲ್ಲಿ 20 ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು 80. ದುಃಸ್ವಪ್ನ ಬೀಳುತ್ತದೆಯೇ, ಸದ್ದಿಗೆ ಬೆಚ್ಚುತ್ತೀಯಾ, ನಿದ್ದೆ ಬರುತ್ತದೆಯೇ ಎಂದೆಲ್ಲ ಅದು ಕೇಳುತ್ತದೆ. ಅಪರಾಧಪ್ರಜ್ಞೆಯ ಪ್ರಸ್ತಾಪವೂ ಅದರಲ್ಲಿದೆ. ಆದರೆ ಭಯ, ದಿಗಿಲು, ಕೋಪ, ನಾಚಿಕೆಗಳೊಂದಿಗೆ ಒಂದೇ ಪ್ರಶ್ನೆಯೊಳಗೆ ತುರುಕಲ್ಪಟ್ಟಿದೆ. ನಿನ್ನ ಮೇಲೆ ಏನು ಎರಗಿತು ಎಂದು ಕೇಳುವ ಈ ಪಟ್ಟಿ, ನಿನ್ನ ಕೈಯಿಂದ ಯಾರ ಮೇಲೆ ಏನು ಎರಗಿತು, ನಿನ್ನನ್ನು ಅಲ್ಲಿಗೆ ಕಳುಹಿಸಿದವರಾರು ಎಂದು ಕೇಳುವುದಿಲ್ಲ.

2005ರ ನವೆಂಬರ್ 19ರಂದು ಇರಾಕ್‌ನ ಹದೀಸಾ ಪಟ್ಟಣದಲ್ಲಿ ನಡೆದುದನ್ನು ನೆನೆಯಿರಿ. ರಸ್ತೆಬದಿಯ ಬಾಂಬಿಗೆ ತಮ್ಮ ಸಂಗಡಿಗನೊಬ್ಬ ಬಲಿಯಾದಾಗ ಅಮೆರಿಕದ ಮೆರೀನ್ ಪಡೆಯವರು ಹೆಂಗಸರು ಮಕ್ಕಳೆನ್ನದೆ 24 ನಾಗರಿಕರನ್ನು ಕೊಂದರು. ಎಂಟು ಮಂದಿಯ ಮೇಲೆ ಆರೋಪ ಹೊರಿಸಲಾಯಿತು. 2012ರಲ್ಲಿ ಪ್ರಕರಣ ಮುಗಿದಾಗ ಒಬ್ಬನೂ ಸೆರೆಮನೆ ಸೇರಿರಲಿಲ್ಲ. ತಂಡದ ನಾಯಕ ಕರ್ತವ್ಯಲೋಪವನ್ನಷ್ಟೇ ಒಪ್ಪಿಕೊಂಡು ಮನೆಗೆ ಹೋದ. ಅಂಥ ದಿನವೊಂದನ್ನು ಕಂಡ ಸೈನಿಕ ಎಲ್ಲೀಯ ಮುಂದೆ ಕುಳಿತರೆ, ಅವಳು ಆತನ ಕಣ್ಣು ನೆಲ ನೋಡಿದ್ದನ್ನು ದಾಖಲಿಸಿಕೊಳ್ಳುವಳು. ಆ ಕಣ್ಣು ಏಕೆ ಮೇಲೇಳಲಿಲ್ಲವೆಂಬುದು ಅವಳ ಲೆಕ್ಕಕ್ಕೆ ಸಿಗದು.

ಸಂಗಡಿಗನನ್ನು ಉಳಿಸಲಾಗಲಿಲ್ಲವೆಂದು ಕೊರಗುವವನ ಕೊರಗು ನಿರಾಧಾರವಾದುದು. ಅದನ್ನು ಇಳಿಸುವುದು ವೈದ್ಯನ ಕರ್ತವ್ಯ. ಆದರೆ ನಿರಪರಾಧಿಯನ್ನು ಕೊಂದವನ ಪಶ್ಚಾತ್ತಾಪ ರೋಗಲಕ್ಷಣವಲ್ಲ, ಅದು ಆತನೊಳಗೆ ಇನ್ನೂ ಉಳಿದಿರುವ ಮನುಷ್ಯತ್ವದ ಸಾಕ್ಷಿ. ಸ್ವತಃ ಅಮೆರಿಕದ ಮನೋವೈದ್ಯ ಜೊನಾಥನ್ ಶೇ ವಿಯೆಟ್ನಾಂ ಸೈನಿಕರಿಗೆ ಚಿಕಿತ್ಸೆ ನೀಡುತ್ತಲೇ, ಭಯದ ಗಾಯವಲ್ಲದೆ 'ನೈತಿಕ ಗಾಯ'ವೂ ಇದೆಯೆಂದು ಹೇಳಿದರು. ನ್ಯಾಯವನ್ನು ಅಧಿಕಾರಸ್ಥರೇ ಮುರಿದಾಗ ಆ ಗಾಯ ಉಂಟಾಗುತ್ತದೆಂದರು. ಇಸ್ಲಾಮಿನ ವಿದ್ವಾಂಸರು ಈ ಗಾಯಕ್ಕೆ ಮದ್ದನ್ನು ಬಹಳ ಹಿಂದೆಯೇ ತಿಳಿಸಿದ್ದಾರೆ. ಅಲ್ಲಾಹನ ಹಕ್ಕಿಗೆ ಸಂಬಂಧಿಸಿದ ಪಾಪಕ್ಕೆ ತೌಬಾ ಇದೆ. ಆದರೆ ದಾಸರ ಹಕ್ಕಿಗೆ ಸಂಬಂಧಿಸಿದ ಪಾಪಕ್ಕೆ, ಅನ್ಯಾಯಕ್ಕೊಳಗಾದವನ ಹಕ್ಕನ್ನು ಮರಳಿಸದೆ ಅಥವಾ ಆತನಿಂದ ಕ್ಷಮೆ ಪಡೆಯದೆ ತೌಬಾ ಪೂರ್ಣವಾಗುವುದಿಲ್ಲ. ಹಾಗಾದರೆ ಆ ಸೈನಿಕನ ಚಿಕಿತ್ಸೆಯ ಅರ್ಧಭಾಗ ಹದೀಸಾದಲ್ಲಿದೆ. ಅಲ್ಲಿಗೆ ಹೋಗುವ ದಾರಿಯನ್ನು ಆತನ ಸರಕಾರವೇ ಮುಚ್ಚಿದೆ. ತಪ್ಪಾಯಿತೆಂದು ರಾಷ್ಟ್ರ ಒಪ್ಪಿಕೊಳ್ಳುವುದಿಲ್ಲ. ಆ ತಪ್ಪಿನ ಭಾರವನ್ನು ಇಪ್ಪತ್ತು ವರ್ಷದ ಹುಡುಗನೊಬ್ಬ ತನ್ನ ತಲೆಯೊಳಗೆ ಏಕಾಂಗಿಯಾಗಿ ಹೊರುತ್ತಾನೆ. ಅದಕ್ಕೆ ರೋಗವೆಂದು ಹೆಸರಿಟ್ಟರೆ ಯುದ್ಧ ಸಾರಿದವರು ಪಾರಾಗುತ್ತಾರೆ.

ಇನ್ನು ಆ ಗುಂಡಿನ ಎದುರು ಬದಿಯಲ್ಲಿದ್ದವರು? ಹದೀಸಾದಲ್ಲಿ ಹೆತ್ತವರ ಶವಗಳ ನಡುವೆ ಬದುಕುಳಿದ ಮಕ್ಕಳು ಇಂದು ಯುವಕ ಯುವತಿಯರು. ಸದ್ದಿಗೆ ಅವರೂ ಬೆಚ್ಚುತ್ತಾರೆ. ಅವರ ಧ್ವನಿಯ ನಡುಕವನ್ನು ಅಳೆಯಲು ಡಾರ್ಪಾ ಹಣ ಕೊಟ್ಟಿಲ್ಲ. ಕೊಂದವರ ದುಃಸ್ವಪ್ನಕ್ಕೆ ಪ್ರಯೋಗಾಲಯ, ಬದುಕುಳಿದವರ ದುಃಸ್ವಪ್ನಕ್ಕೆ ಮೌನ: ಇದು ಯಾವ ನ್ಯಾಯ?

ಆದುದರಿಂದ ಸೈನಿಕನಿಗೆ ಚಿಕಿತ್ಸೆ ಸಿಗಲಿ. ಆತನ ಗುಟ್ಟಿಗೆ ರಕ್ಷಣೆ ಸಿಗಲಿ. ಯಂತ್ರದಿಂದ ಒಂದು ಜೀವ ಉಳಿಯುವುದಾದರೆ ಆ ಯಂತ್ರವೂ ಇರಲಿ. ಆದರೆ ಅದೇ ಚಿಕಿತ್ಸೆಯ ಹಕ್ಕು ಇರಾಕ್ ಮತ್ತು ಅಫ್ಘಾನಿಸ್ತಾನದ ವಿಧವೆಯರಿಗೂ ಅನಾಥರಿಗೂ ಇದೆ, ಮತ್ತು ಅದರ ವೆಚ್ಚವನ್ನು ಭರಿಸಬೇಕಾದವರು ಯುದ್ಧ ಸಾರಿದವರೇ. ಸೈನಿಕನನ್ನು ಪರದೆಯ ಮುಂದೆ ಕುಳ್ಳಿರಿಸಿ ಇಪ್ಪತ್ತು ಪ್ರಶ್ನೆ ಕೇಳುವ ರಾಷ್ಟ್ರ, ಆತನನ್ನು ಕಳುಹಿಸಿದ ನಾಯಕರನ್ನು ನ್ಯಾಯಾಲಯದ ಮುಂದೆ ನಿಲ್ಲಿಸಿ ಒಂದೇ ಒಂದು ಪ್ರಶ್ನೆ ಕೇಳಲಿ: ಆ ಇಪ್ಪತ್ತನಾಲ್ಕು ಮಂದಿಯನ್ನು ಯಾವ ಅಪರಾಧಕ್ಕಾಗಿ ಕೊಲ್ಲಲಾಯಿತು? ಈ ಲೋಕದಲ್ಲಿ ಯಾರೂ ಅದನ್ನು ಕೇಳದಿದ್ದರೂ, ಕೇಳಿಯೇ ಕೇಳುವ ದಿನವೊಂದು ಬರಲಿದೆ ಎಂಬುದು ನಮ್ಮ ವಿಶ್ವಾಸ.